ಶೋಕೇಸೋ, ಕಪಾಟೋ

ಮಾರ್ಚ್ ೩, ಮಂಗಳವಾರ

ಇಂದು ಸಂಜೆ ನಿವಾಸಿಗಳ ಸಂಘದ ಸಮಿತಿಯು ಸರ್ವಾನುಮತದಿಂದ ಒಂದು ತೀರ್ಮಾನ ಕೈಗೊಂಡಿತು. ಚಹಾ ತರಿಸುವ ವಿಷಯವೊಂದನ್ನು ಬಿಟ್ಟರೆ ಈ ಸಮಿತಿಯಲ್ಲಿ ಸರ್ವಾನುಮತವೆಂಬುದನ್ನು ನಾನು ಕಂಡಿರಲಿಲ್ಲ.

ನಮ್ಮ ವಾರ್ತಾಪತ್ರವನ್ನು ಅಚ್ಚು ಮಾಡಿಕೊಡುತ್ತಿದ್ದ ಅಂಗಡಿ ಕಳೆದ ತಿಂಗಳು ಬಾಗಿಲು ಹಾಕಿತು. ಆದ್ದರಿಂದ ಇನ್ನು ಮುಂದೆ ಒಂಬತ್ತು ಕಟ್ಟಡಗಳ ಇನ್ನೂರ ಹದಿನಾರು ಮನೆಗಳಿಗೂ ಸುದ್ದಿ ಮುಟ್ಟಿಸಲು ಜಾಲತಾಣವೊಂದನ್ನು ತೆರೆಯತಕ್ಕದ್ದು. ಅದನ್ನು ಯಾವ ವ್ಯವಸ್ಥೆಯ ಮೇಲೆ ಕಟ್ಟಬೇಕೆಂಬುದನ್ನು ಪರೀಕ್ಷಿಸಿ, ಏಪ್ರಿಲ್ ನಾಲ್ಕರ ಸರ್ವಸದಸ್ಯರ ಸಭೆಗೆ ವರದಿ ಒಪ್ಪಿಸುವ ಹೊಣೆ ನನ್ನದು.

ಕಾರ್ಯದರ್ಶಿಗಳು ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟು ಹರಿದವರು. ಮಾತನ್ನೂ ಹಾಗೆಯೇ ಚೂರುಚೂರಾಗಿ ಹರಿದು ಕೈಗಿಡುತ್ತಾರೆ. “ನಿಮ್ಮನ್ ಬಿಟ್ರೆ ಯಾರಿದಾರೆ ಸಾರ್? ಒಂದು ಚುಕ್ಕಿ ಹೆಚ್ಚಾದ್ರೂ ನಿಮಗೆ ಊಟ ಸೇರಲ್ಲ. ನೀವು ಆರಿಸಿ. ನಾವು ಕಣ್ಮುಚ್ಚಿ ಸಹಿ ಹಾಕ್ತೀವಿ” ಎಂದರು.

ಅಚ್ಚುಕೂಟದಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿದವನು ನಾನು. ನಿವೃತ್ತಿಯ ನಂತರದ ಹನ್ನೊಂದು ವರ್ಷಗಳಲ್ಲಿ ಈ ವಾರ್ತಾಪತ್ರವನ್ನು ಒಬ್ಬನೇ ಬರೆದು, ತಿದ್ದಿ, ಪುಟ ಕಟ್ಟಿ, ವಾರಕ್ಕೊಂದರಂತೆ ಹೊರತಂದಿದ್ದೇನೆ. ಶನಿವಾರ ಸಂಜೆ ಕಾವಲುಗಾರ ಅದನ್ನು ಮನೆಮನೆಯ ಬಾಗಿಲಿಗೆ ಸಿಕ್ಕಿಸುತ್ತಿದ್ದ. ಐನೂರ ಎಪ್ಪತ್ತು ಸಂಚಿಕೆಗಳು. ಅವುಗಳಲ್ಲಿ ಒಂದು ತಪ್ಪನ್ನೂ ಯಾರೂ ತೋರಿಸಿಲ್ಲವೆಂದು ಬರೆಯುವಾಗ ನನ್ನ ಕೈ ಹಿಂಜರಿಯುವುದಿಲ್ಲ.

ಮನೆಯಾಕೆಗೆ ವಿಷಯ ತಿಳಿಸಿದೆ.

“ಏನದು, ಹೆಸರೇನಂದ್ರಿ?”

“ವಿಷಯ ನಿರ್ವಹಣಾ ವ್ಯವಸ್ಥೆ.”

“ಅಷ್ಟು ಹೇಳಿ ಮುಗಿಸೋದ್ರೊಳಗೆ ಹಾಲು ಉಕ್ಕಿ ಹೋಯ್ತು ನೋಡಿ.”

ನಿಜವಾಗಿಯೂ ಉಕ್ಕಿಹೋಗಿತ್ತು.

ಮಾರ್ಚ್ ೮, ಭಾನುವಾರ

ಎಂದಿನಂತೆ ಹತ್ತು ಗಂಟೆಗೆ ಅಕ್ಕನ ಮನೆ. ಮೂರನೆಯ ಕಟ್ಟಡದ ನೆಲಮಹಡಿಯಲ್ಲಿ ಒಬ್ಬಳೇ ಇದ್ದಾಳೆ. ನನಗಿಂತ ಏಳು ವರ್ಷ ಹಿರಿಯಳು. ನಾಲ್ಕು ವರ್ಷಗಳಿಂದ ಕಣ್ಣು ಸ್ವಲ್ಪವೂ ಕಾಣಿಸದು. ನಮ್ಮೊಡನೆ ಬಂದಿರೆಂದು ಎಷ್ಟು ಕೇಳಿದರೂ, “ನಿನ್ ಜೊತೆ ಇದ್ರೆ ನಾನು ಕೆಮ್ಮಿದ್ರೂ ತಿದ್ತೀಯ” ಎಂದು ಬಾಯಿ ಮುಚ್ಚಿಸುತ್ತಾಳೆ. ಭಾನುವಾರ ವಾರ್ತಾಪತ್ರವನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳುವುದು ನಾನು ತಪ್ಪಿಸದ ನೇಮ. ಅಚ್ಚು ನಿಂತರೂ ಕೈಬರಹದ ಪ್ರತಿಯನ್ನು ಒಯ್ದಿದ್ದೆ.

ಓದಿ ಮುಗಿಸಿ ಹಾಳೆ ಮಡಿಸುವಷ್ಟರಲ್ಲಿ ಕೇಳಿದಳು: “ನನ್ ಕಿಟಕಿ ಹತ್ರಾನೇ ಆಯ್ತಲ್ಲ, ಸೈಕಲ್ ನಿಲ್ಸೋ ಜಾಗದ ಜಗಳ, ಅದನ್ಯಾಕೋ ಬಿಟ್ಟೆ?”

“ಅದು ನಿನಗ್ಯಾಕೆ ಅಂತ ಬಿಟ್ಟೆ ಅಕ್ಕ. ನಿನ್ನ ಹತ್ತಿರ ಸೈಕಲ್ಲಿದೆಯೇ?”

“ನಂಗ್ಯಾಕೆ ಅನ್ನೋದನ್ನ ನಾನ್ ಹೇಳ್ಬೇಕಲ್ವೇನೋ ಪುಟ್ಟ? ಮೂವತ್ನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಊರಿನ ಜಗಳಾನೆಲ್ಲ ಆ ಕಡೆಯಿಂದ ಈ ಕಡೆಗೆ ಜೋಡಿಸಿಕೊಟ್ಟವಳು ನಾನು. ಈಗ ಒಂದು ಸೈಕಲ್ ಜಗಳಕ್ಕೆ ನಿನ್ನ ಅಪ್ಪಣೆ ಬೇಕಾ?”

ಎಪ್ಪತ್ತೊಂದು ವರ್ಷದವನನ್ನು ಪುಟ್ಟ ಎಂದು ಕರೆಯುವ ಹಕ್ಕು ಭೂಮಿಯ ಮೇಲೆ ಇನ್ನು ಇವಳೊಬ್ಬಳಿಗೇ ಉಳಿದಿರುವುದು.

ಜಾಲತಾಣದ ವಿಚಾರ ಹೇಳಿದಾಗ ಮುಖ ಅರಳಿತು. ಆಸ್ಪತ್ರೆಯವರು ನಡೆಸಿದ ತರಬೇತಿಗೆ ಹೋಗಿಬಂದ ಮೇಲೆ ಅವಳ ಚರವಾಣಿ ಮಾತನಾಡುತ್ತದೆ; ಪರದೆಯ ಮೇಲೆ ಬೆರಳಿಟ್ಟಲ್ಲಿರುವುದನ್ನು ಓದಿ ಹೇಳುತ್ತದೆ. “ಹಾಗಾದ್ರೆ ಇನ್ ಮೇಲೆ ನಮ್ಮ ಪತ್ರಿಕೇನ ನಾನೇ ಓದ್ಕೋಬಹುದು. ಬೇಕಾದಾಗ ಓದೋದು, ಬೇಡದ್ದನ್ನ ಹಾರಿಸೋದು. ಭಾನುವಾರದವರೆಗೂ ನಿನ್ ದಾರಿ ಕಾಯೋದು ತಪ್ಪತ್ತೆ” ಎಂದಳು.

ಹನ್ನೊಂದು ವರ್ಷ ನಾನೇ ಬರೆದ ಪತ್ರ. ನಾಲ್ಕು ವರ್ಷ ನಾನೇ ಓದಿ ಹೇಳಿದ್ದು. ದಾರಿ ಕಾಯುವುದು ತಪ್ಪುತ್ತದಂತೆ. ಇರಲಿ.

ಮಾರ್ಚ್ ೧೧, ಬುಧವಾರ

ಐದನೆಯ ಕಟ್ಟಡದ ದಾಖಲೆಯಮ್ಮ ಗಣಕದೊಡನೆ ಮನೆಗೆ ಬಂದಿದ್ದರು. ಆಸ್ಪತ್ರೆಯ ದಾಖಲೆ ವಿಭಾಗವನ್ನು ನೋಡಿಕೊಳ್ಳುವವರಾದ್ದರಿಂದ ಎಲ್ಲರೂ ಅವರನ್ನು ಕರೆಯುವುದು ಹಾಗೆಯೇ. ಮಗಳ ಮದುವೆ ಮಾಡಿದ ಹೆಂಗಸು ನನ್ನನ್ನು “ಅಂಕಲ್” ಎಂದರು. ಸಹಿಸಿದೆ.

ಎರಡು ವ್ಯವಸ್ಥೆಗಳನ್ನು ಜರಡಿ ಹಿಡಿದು ಉಳಿಸಿಕೊಂಡು ಬಂದಿದ್ದರು. ಅವುಗಳ ಪರದೇಶಿ ಹೆಸರುಗಳು ನನ್ನ ಬಾಯಲ್ಲಿ ನಿಲ್ಲದಿರುವುದನ್ನು ಕಂಡು, ತಾವೇ ನಾಮಕರಣ ಮಾಡಿದರು.

“ಇದು ಶೋಕೇಸು, ಅಂಕಲ್. ನೀವು ಪುಟ ಕಟ್ಟಿ ಒಳಗಿಟ್ರೆ ಅದನ್ನೊಂದು ಚಿತ್ರ ಮಾಡಿ ಇಟ್ಕೊಳತ್ತೆ. ಯಾರ ಫೋನಲ್ಲಿ ನೋಡಿದ್ರೂ ನೀವು ಇಟ್ಟ ಹಾಗೇ ಕಾಣತ್ತೆ. ಇನ್ನೊಂದು ಕಪಾಟು. ಅದು ಬರೀ ಅಕ್ಷರ ಇಟ್ಕೊಳತ್ತೆ. ತೆಗೆಯೋರ ಫೋನು ಅದನ್ನ ತನಗೆ ಬೇಕಾದ ಹಾಗೆ ಜೋಡಿಸಿ ತೋರಿಸತ್ತೆ.”

ಮನೆಯಾಕೆಯ ಹಳೆಯ ಚರವಾಣಿಯಲ್ಲಿ ಎರಡನ್ನೂ ತೆರೆದು ನೋಡಿದೆ. ಕಪಾಟಿನಲ್ಲಿ ಒತ್ತಕ್ಷರಗಳು ತಮ್ಮ ಅಕ್ಷರದ ಕೆಳಗೆ ಕೂರುವ ಬದಲು ಪಕ್ಕಕ್ಕೆ ಜಾರಿ, ತೊಟ್ಟಿಲಿನಿಂದ ಬಿದ್ದ ಕೂಸುಗಳಂತೆ ಕಂಡವು. ಶೋಕೇಸಿನಲ್ಲಿ ಅದೇ ಸಾಲು, ಅದೇ ಅಂಚು, ಅದೇ ಅಕ್ಷರ. ಅಚ್ಚಿನ ಹಾಳೆಯನ್ನು ಗಾಜಿನ ಹಿಂದಿಟ್ಟಂತಿತ್ತು. ಕಣ್ಣು ತಣಿಯಿತು.

ಇನ್ನೊಂದು ವ್ಯತ್ಯಾಸವನ್ನೂ ಆಕೆ ತಿಳಿಸಿದರು. ಕಪಾಟಿನಲ್ಲಿ ಆಯಾ ಕಟ್ಟಡದ ಪ್ರತಿನಿಧಿಯೇ ಪ್ರಕಟಣೆ ಹಾಕಬಹುದು. ಶೋಕೇಸಿಗಾದರೋ ಪುಟ ಕಟ್ಟಬಲ್ಲವರು ಬೇಕು, ಅಂದರೆ ನಾನು. ಆಕೆ ಇದನ್ನು ಶೋಕೇಸಿನ ದೋಷವೆಂದು ಹೇಳಿದರು. ನಾನು ಗುಣಗಳ ಪಟ್ಟಿಯಲ್ಲಿ ಬರೆದುಕೊಂಡೆ.

“ಚಿತ್ರ ಆದ್ರೆ ಇನ್ನೂ ಒಂದು ತೊಂದ್ರೆ ಇದೆ, ಅಂಕಲ್…” ಎಂದು ಏನನ್ನೋ ಆರಂಭಿಸಿದರು. ನಾನು ಆಗಲೇ ಮೊದಲ ಪುಟದ ಅಳತೆ ಹಾಕುತ್ತಿದ್ದೆ. ಆಮೇಲೆ ಹೇಳಿ ಎಂದೆ.

ಮಾರ್ಚ್ ೧೩, ಶುಕ್ರವಾರ

ದಿನವಿಡೀ ಪುಟ. ಮಧ್ಯಾಹ್ನದ ಊಟ ಮೂರೂವರೆಗೆ. ಮನೆಯಾಕೆ ತಟ್ಟೆಯನ್ನು ಗಣಕದ ಪಕ್ಕಕ್ಕೇ ತಂದಿಟ್ಟು, “ಅದಕ್ಕೂ ಒಂದು ತುತ್ತು ಹಾಕಿ, ಪಾಪ” ಎಂದಳು.

ಮಾರ್ಚ್ ೧೮, ಬುಧವಾರ

ಪ್ರಯೋಗಾರ್ಥವಾಗಿ ಶೋಕೇಸನ್ನು ಇಂದು ಎಲ್ಲರಿಗೂ ತೆರೆದೆವು. ಸಭೆ ಒಪ್ಪುವವರೆಗೆ ಇದು ತಾತ್ಕಾಲಿಕ ಏರ್ಪಾಡು. ಆದರೆ ಬೇರೆ ಪತ್ರವಿಲ್ಲದಿರುವುದರಿಂದ ಸಂಘದ ಎಲ್ಲ ಪ್ರಕಟಣೆಗಳೂ ಇದರಲ್ಲಿಯೇ ಬರತಕ್ಕದ್ದು.

ಆರು ಪುಟಗಳು. ಮೊದಲ ಪುಟ ತಿಂಗಳಿಗೊಮ್ಮೆ ನಡೆಯುವ, ಬರುವ ಮಂಗಳವಾರದ ರಕ್ತದೊತ್ತಡ ತಪಾಸಣೆಯ ಕುರಿತಾದದ್ದು. ತಪಾಸಣೆಯನ್ನು ಸಭಾಭವನದಿಂದ ನಾಲ್ಕನೆಯ ಕಟ್ಟಡದ ನೆಲಮಹಡಿಗೆ ಬದಲಾಯಿಸಲಾಗಿದೆ. ಇಷ್ಟು ಸಣ್ಣ ಸುದ್ದಿಯನ್ನು ಇಷ್ಟು ಗೌರವದಿಂದ ಯಾರೂ ಕೂರಿಸಿರಲಾರರು. ಶೀರ್ಷಿಕೆಯ ಮೇಲೂ ಕೆಳಗೂ ಸಮನಾದ ಬಿಳಿಯ ಜಾಗ. ಸಾಲುಗಳು ನೂಲು ಹಿಡಿದಂತೆ. ಸುತ್ತ ಒಂದು ತೆಳುಗೆರೆ. ಮೂವತ್ತೆಂಟು ವರ್ಷ ಪರರ ಪುಟಗಳನ್ನು ತಿದ್ದಿದೆ. ಇದು ನನ್ನದು.

ಸಂಜೆ ಮೆಟ್ಟಿಲ ಬಳಿ ಎರಡನೆಯ ಮಹಡಿಯ ಬಟ್ಟೆ ವ್ಯಾಪಾರಿ ನಿಲ್ಲಿಸಿ ಕೈ ಕುಲುಕಿದರು. “ನಮ್ಮ ಭಾಷೆ ಫೋನಲ್ಲಿ ಇಷ್ಟು ಚಂದ ಕಾಣತ್ತೆ ಅಂತ ಗೊತ್ತೇ ಇರ್ಲಿಲ್ಲ” ಎಂದರು. ನಾನು ಹೇಳಬೇಕಾದುದನ್ನು ಅವರೇ ಹೇಳಿದ್ದರು.

ಮಾರ್ಚ್ ೨೨, ಭಾನುವಾರ

ಕಾರ್ಯದರ್ಶಿಗಳು ಸಭಾಭವನದಲ್ಲಿ ಗೋಡೆಯ ಮೇಲೆ ಪುಟಗಳನ್ನು ದೊಡ್ಡದಾಗಿ ತೋರಿಸುವ ಏರ್ಪಾಡು ಮಾಡಿದ್ದರು. ಎಂಬತ್ತು ಜನ ಬಂದಿದ್ದರು. ಚಪ್ಪಾಳೆ. “ಏಪ್ರಿಲ್ ನಾಲ್ಕರಂದು ಬರೀ ಕೈ ಎತ್ತೋದು, ರೈಟ್ ಹೇಳೋದು ಅಷ್ಟೇ” ಎಂದು ಕಾರ್ಯದರ್ಶಿಗಳು ಘೋಷಿಸಿಯೂಬಿಟ್ಟರು.

ಅಕ್ಕನ ಮನೆಗೆ ಹೋಗಲಾಗಲಿಲ್ಲ. ಹೇಗೂ ಅವಳ ಚರವಾಣಿ ಓದಿ ಹೇಳುತ್ತದೆ.

ಮಾರ್ಚ್ ೨೪, ಮಂಗಳವಾರ

ಬೆಳಿಗ್ಗೆ ಹನ್ನೊಂದೂವರೆಗೆ ಕಾವಲುಗಾರ ಬಾಗಿಲು ತಟ್ಟಿದ. “ಸಾರ್, ಅಕ್ಕೋರು ಸಭಾಭವನದ ಮೆಟ್ಲ ಮೇಲೆ ಕೂತಿದ್ರು. ಮನೆಗೆ ಬಿಟ್ಟು ಬಂದೆ. ಬಿಸಿಲಿಗೆ ಮುಖ ಕೆಂಪಗಾಗಿದೆ, ಒಂಚೂರು ನೋಡಿ” ಎಂದ.

ಓಡಿದೆ. ಅಕ್ಕ ಕುರ್ಚಿಯಲ್ಲಿ ಕುಳಿತು ನೀರು ಕುಡಿಯುತ್ತಿದ್ದಳು. ಊರುಗೋಲು ತೊಡೆಯ ಮೇಲಿತ್ತು. ತಪಾಸಣೆಗೆಂದು ಹತ್ತು ಗಂಟೆಗೇ ಹೊರಟಿದ್ದಾಳೆ. ಒಬ್ಬಳೇ ಹೆಜ್ಜೆ ಎಣಿಸಿಕೊಂಡು ಸಭಾಭವನ ಸೇರಿದ್ದಾಳೆ. ಬಾಗಿಲು ತೆರೆಯಬಹುದೆಂದು ಒಂದು ಗಂಟೆಯ ಮೇಲೆ ಕಾದಿದ್ದಾಳೆ.

“ನಾಲ್ಕನೇ ಕಟ್ಟಡಕ್ಕೆ ಬದಲಾಗಿದೆ ಅಂತ ಹಾಕಿದ್ನಲ್ಲ ಅಕ್ಕ! ಮೊದಲ್ನೇ ಪುಟವೇ ಅದು!”

ಅವಳು ಚರವಾಣಿಯನ್ನು ತೆಗೆದು ಬೆರಳಿನಿಂದ ಪರದೆಯನ್ನು ಸವರಿದಳು. ಅದು ಹೇಳಿತು: “ಹೆಸರಿಲ್ಲದ ಚಿತ್ರ.” ಮತ್ತೆ ಸವರಿದಳು. “ಹೆಸರಿಲ್ಲದ ಚಿತ್ರ.” ಆರು ಪುಟಗಳು, ಆರು ಸಲ.

“ಬೀಗ ಮುಟ್ಟಿ ನೋಡಿದೆ ಕಣೋ” ಎಂದಳು. “ಬೀಗ ಓದೋಕೆ ಬಂತು ನಂಗೆ. ನಿನ್ ಪುಟ ಬರ್ಲಿಲ್ಲ.”

“ಮೊದಲೇ ಹೇಳ್ಬಾರ್ದಿತ್ತಾ? ಬುಧವಾರದಿಂದ ಹೀಗೇ ಇದೆಯಾ?”

“ಭಾನುವಾರ ಬರ್ತೀಯಲ್ಲ, ಆಗ ಹೇಳೋಣ ಅಂತಿದ್ದೆ.”

ಮಾರ್ಚ್ ೨೫, ಬುಧವಾರ

ಬರೆಯಲು ಮನಸ್ಸಿಲ್ಲ.

ಮಾರ್ಚ್ ೨೭, ಶುಕ್ರವಾರ

ದೋಷ ವ್ಯವಸ್ಥೆಯದೇ ಹೊರತು ಪುಟದ್ದಲ್ಲ. ಇದಕ್ಕೊಂದು ಪರಿಹಾರ ಇದ್ದೇ ಇರುತ್ತದೆ ಎಂಬ ನಂಬಿಕೆಯಿಂದ ದಾಖಲೆಯಮ್ಮನ ಮನೆಗೆ ಹೋದೆ. ಅಂದು ಅರ್ಧಕ್ಕೆ ನಿಲ್ಲಿಸಿದ ಮಾತು ಇದೇ ಆಗಿತ್ತಂತೆ. “ನೀವು ಅಳತೆ ಹಾಕ್ತಿದ್ರಿ, ಅಂಕಲ್” ಎಂದರು. ಅಷ್ಟೇ ಹೇಳಿದ್ದು. ಇನ್ನೂ ನಾಲ್ಕು ಮಾತು ಆಡಿದ್ದರೆ ಹಗುರವಾಗುತ್ತಿತ್ತು.

ಶೋಕೇಸಿನಲ್ಲಿ ಪ್ರತಿ ಚಿತ್ರಕ್ಕೂ ಹಿಂಬದಿಯಲ್ಲೊಂದು ಹೆಸರು ಬರೆಯಲು ಬರುತ್ತದೆ. ಮಾತನಾಡುವ ಚರವಾಣಿ ಅದನ್ನು ಓದುತ್ತದೆ. ಮನೆಗೆ ಬಂದವನೇ ಕುಳಿತೆ. ತಪಾಸಣೆಯ ಪ್ರಕಟಣೆಯನ್ನು ಅದರೊಳಕ್ಕೆ ತುಂಬಿಸಲು ಹೋದರೆ, ನಡುವೆಯೇ ಜಾಗ ಮುಗಿಯಿತು. “ಸಭಾಭವನದಿಂದ” ಎಂಬಲ್ಲಿಗೆ ನಿಂತಿತು. ಎಲ್ಲಿಗೆ ಎಂಬುದು ಹೊರಗುಳಿಯಿತು. ಚಿಕ್ಕದು ಮಾಡಿದೆ. ಇನ್ನೂ ಚಿಕ್ಕದು ಮಾಡಿದೆ. ಕೊನೆಗೆ ಉಳಿದದ್ದು ತಂತಿ ಸಮಾಚಾರದಂತಹ ಆರು ಪದಗಳು. ಉಳಿದವರಿಗೆ ಪುಟ, ಅಕ್ಕನಿಗೆ ಆರು ಪದ.

ಮನೆಯಾಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಮದುವೆ ಮನೇಲಿ ಎಲ್ಲರಿಗೂ ಊಟ ಬಡಿಸಿ, ಹಿತ್ತಲ ಬಾಗಿಲಲ್ಲಿ ಅತ್ತಿಗೆಗೊಂದು ಪೊಟ್ಟಣ ಕೊಟ್ಟ ಹಾಗಾಯ್ತು” ಎಂದಳು.

ಗಣಕವನ್ನು ಮುಚ್ಚಿದೆ.

ಮಾರ್ಚ್ ೨೯, ಭಾನುವಾರ

ಅಕ್ಕನ ಮನೆಗೆ ದಾಖಲೆಯಮ್ಮನನ್ನೂ ಕರೆದುಕೊಂಡು ಹೋದೆ. ಅದೇ ಆರು ಪ್ರಕಟಣೆಗಳನ್ನು ಅವರು ನಿನ್ನೆಯೇ ಕಪಾಟಿನಲ್ಲಿಯೂ ಹಾಕಿಟ್ಟಿದ್ದರು. ಅವುಗಳ ಜೊತೆಗೆ, ಏಪ್ರಿಲ್‌ನಲ್ಲಿ ಬರಬೇಕಾದ ಒಂದು ಹೊಸ ಪ್ರಕಟಣೆಯನ್ನು ನಾನು ಬರೆದುಕೊಟ್ಟಿದ್ದೆ.

ಅಚ್ಚುಕೂಟದಲ್ಲಿ ನಮ್ಮದೊಂದು ಕ್ರಮವಿತ್ತು. ಕರಡು ತಿದ್ದುವವನು ಒಬ್ಬನೇ ತಿದ್ದುತ್ತಿರಲಿಲ್ಲ. ಎದುರಿಗೊಬ್ಬ ಜೊತೆಗಾರ ಕುಳಿತು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದ. ತಿದ್ದುವವನು ಅದನ್ನು ಕೇಳುತ್ತ ಕರಡಿನ ಮೇಲೆ ಕಣ್ಣಾಡಿಸುತ್ತಿದ್ದ. ಕಣ್ಣು ತನಗೆ ಬೇಕಾದುದನ್ನು ಕಾಣುತ್ತದೆ. ಕಿವಿಗೆ ಆ ಚಾಳಿಯಿಲ್ಲ. ಇಂದು ಫೋನನ್ನು ಜೊತೆಗಾರನ ಜಾಗದಲ್ಲಿ ಕೂರಿಸಿದೆ. ಅದು ಕಪಾಟಿನಿಂದ ಓದಲಿ, ನಾನು ನನ್ನ ಹಾಳೆಯೊಡನೆ ತಾಳೆ ನೋಡುವೆ.

ಅಕ್ಕ ಬೆರಳಾಡಿಸಿದಳು. ಅದು ಓದಿತು. ದನಿಯಲ್ಲಿ ರಸವಿಲ್ಲ, ರಾಗವಿಲ್ಲ, ನಿಜ. ಆದರೆ ಒಂದಕ್ಷರ ನುಂಗಲಿಲ್ಲ, ಒಂದು ಸಾಲು ಹಾರಲಿಲ್ಲ, ಹಾಳೆಯಲ್ಲಿ ಇಲ್ಲದ ಅಭಿಪ್ರಾಯವನ್ನು ಸೇರಿಸಲಿಲ್ಲ. ಇಷ್ಟು ನಿಷ್ಠೆಯ ಜೊತೆಗಾರ ಮೂವತ್ತೆಂಟು ವರ್ಷಗಳಲ್ಲಿ ನನಗೆ ಸಿಕ್ಕಿರಲಿಲ್ಲ.

ಹೊಸ ಪ್ರಕಟಣೆ ಬಂತು. “ಏಪ್ರಿಲ್ ಹತ್ತು, ಗುರುವಾರ, ಲಿಫ್ಟಿನ ದುರಸ್ತಿ ನಡೆಯಲಿದೆ.”

ನಾನು ಹಾಳೆ ನೋಡಿ ಸರಿ ಎಂದೆ. ದಾಖಲೆಯಮ್ಮನೂ ಸರಿ ಎಂದರು.

“ಏನ್ ಸರಿ?” ಎಂದಳು ಅಕ್ಕ. “ಹತ್ತನೇ ತಾರೀಖು ಶುಕ್ರವಾರ ಕಣೋ.”

“ಇಲ್ಲ ಅಕ್ಕ, ಗುರುವಾರ.”

“ಇವತ್ತು ಇಪ್ಪತ್ತೊಂಬತ್ತು ಭಾನುವಾರ. ಮುಂದಿನ ಭಾನುವಾರ ಐದು. ಆರು ಸೋಮ, ಏಳು ಮಂಗಳ… ಬೆರಳಿದೆಯಲ್ಲ, ಎಣಿಸ್ಕೋ.”

ಎಣಿಸಿದೆ. ಶುಕ್ರವಾರ. ದಾಖಲೆಯಮ್ಮ ಬೇರೆಲ್ಲೋ ನೋಡುತ್ತ ನಗು ತಡೆದುಕೊಂಡರು.

“ಇದನ್ನ ನಾಲ್ಕು ಸಲ ನೋಡಿದ್ದೆ ನಾನು” ಎಂದೆ.

“ನೋಡಿದ್ದೆ, ಸರಿ. ಕೇಳಿದ್ಯಾ?” ಎಂದಳು. ಆಮೇಲೆ ಸೈಕಲ್ ಜಗಳದ ಪ್ರಕಟಣೆಯನ್ನು ತಾನೇ ಹುಡುಕಿ ತೆಗೆದು, ಮೂರು ಸಲ ಕೇಳಿ, ಎಲ್ಲ ಸಲವೂ ಒಂದೇ ಜಾಗದಲ್ಲಿ ನಕ್ಕಳು. ಎರಡು ಕಡೆಯವರೂ ಇಟ್ಟ ದೂರಿನಲ್ಲಿ ಸೈಕಲ್ಲು ಒಂದೇ ಆಗಿತ್ತು. ನನಗಿದು ಹೊಳೆದೇ ಇರಲಿಲ್ಲ.

ಹೊರಡುವಾಗ ಕೇಳಿದಳು: “ಯಾವುದನ್ನ ಆರಿಸ್ತೀಯೋ ಪುಟ್ಟ?”

“ಸಭೆ ಆರಿಸತ್ತೆ.”

“ಸಭೆ ನಿನ್ ಕಣ್ಣಲ್ಲಿ ನೋಡತ್ತೆ. ಅದಕ್ಕೇ ಕೇಳ್ದೆ.”

ಏಪ್ರಿಲ್ ೧, ಬುಧವಾರ

ಕಾರ್ಯದರ್ಶಿಗಳಿಗೆ ನನ್ನ ತೀರ್ಮಾನವನ್ನು ತಿಳಿಸಿದೆ. ಅವರು ಮೊದಲು ನಗುತ್ತ, ಇವತ್ತು ಏಪ್ರಿಲ್ ಒಂದು, ನನಗೂ ಗೊತ್ತು ಎಂದರು. ತಮಾಷೆಯಲ್ಲವೆಂದು ತಿಳಿದ ಮೇಲೆ ಕುಳಿತರು.

“ಸಾರ್, ಎಂಬತ್ತು ಜನದ ಮುಂದೆ ಹೇಳಿದೀನಿ. ಈಗ ಕಪಾಟು ಅಂದ್ರೆ ನನ್ ಮುಖ ಎಲ್ಲಿಡ್ಲಿ? ನಿಮ್ಮ ಪುಟ ಅಲ್ವಾ ಅದು? ನೀವೇ ಬೇಡ ಅಂದ್ರೆ ಹೇಗೆ?”

“ನನ್ನದೇ. ಅದಕ್ಕೇ ನಾನೇ ಹೇಳ್ಬೇಕು.”

“ನಿಮ್ಮಕ್ಕನ ವಿಷ್ಯ ಗೊತ್ತಾಯ್ತು. ಪಾಪ, ಬೇಜಾರಾಯ್ತು. ಬೇಕಾದ್ರೆ ನಾನೇ ದಿನಾ ಹೋಗಿ ಓದಿ ಹೇಳ್ತೀನಿ. ಆದ್ರೆ ಒಬ್ರಿಗೋಸ್ಕರ ಬಸ್ಸು ನಿಲ್ಸೋಕಾಗತ್ತಾ ಸಾರ್?”

“ಮೂವತ್ತು ವರ್ಷ ನಿಲ್ಸಿದ್ದು ಯಾರಿಗೆ ಮತ್ತೆ? ಒಬ್ಬೊಬ್ಬರಿಗೇ ಅಲ್ವಾ?”

“ಅದು… ಸ್ಟಾಪ್ ಇದ್ದ ಕಡೆ” ಎಂದರು.

“ನಮ್ಮಕ್ಕ ನಿಂತಿದ್ದು ಸ್ಟಾಪಲ್ಲೇ. ಬಸ್ಸಿನ ದಾರಿ ಬದಲಾಯಿಸಿದೋರು ನಾವು.”

ಕಾರ್ಯದರ್ಶಿಗಳು ಕೊನೆಗೆ ಎದ್ದು, “ನೀವು ಹೇಳಿ. ನಾನು ವಿರೋಧ ಮಾಡಲ್ಲ. ಆದ್ರೆ ಜನ ಬೈದ್ರೆ ಕಂಡಕ್ಟರ್‌ನಲ್ಲ, ಡ್ರೈವರ್‌ನ ಬೈಬೇಕು ಅಂತ ಮೊದ್ಲೇ ಹೇಳ್ಬಿಡ್ತೀನಿ” ಎಂದರು.

ಒಪ್ಪಿದೆ.

ಏಪ್ರಿಲ್ ೪, ಶನಿವಾರ

ಸಭಾಭವನ ತುಂಬಿತ್ತು. ಗೋಡೆಯ ಮೇಲೆ ನನ್ನ ಮೊದಲ ಪುಟ. ಇಂದೂ ಅದರಲ್ಲಿ ಅಕ್ಷರವೊಂದನ್ನು ಸರಿಸಬೇಕೆಂದು ಅನ್ನಿಸಲಿಲ್ಲ.

ಭಾಷಣವನ್ನು ನಾಲ್ಕು ಹಾಳೆ ಬರೆದುಕೊಂಡು ಹೋಗಿದ್ದೆ. ವೇದಿಕೆಯ ಮೇಲೆ ನಿಂತಾಗ ಅದು ಉದ್ದವೆನಿಸಿತು. ಮಡಿಸಿ ಜೇಬಿಗೆ ಹಾಕಿಕೊಂಡು ಹೇಳಿದೆ: “ಈ ಪುಟ ನಾನು ಕಟ್ಟಿದ್ದು. ಇದನ್ನು ಆರಿಸಿ ಅಂತ ನಾನೇ ನಿಮಗೆ ಹೇಳಿದ್ದೆ. ಅದು ನನ್ನ ತಪ್ಪು. ಅಕ್ಷರ ಚೆನ್ನಾಗಿ ಕಾಣಲಿ ಅಂತ ಅಕ್ಷರವನ್ನೇ ಚಿತ್ರ ಮಾಡಿಬಿಟ್ಟೆ. ಕಾಣದವರಿಗೆ ಅದರಲ್ಲಿ ಏನೂ ಇಲ್ಲ.”

ಅಕ್ಕ ಮೊದಲ ಸಾಲಿನಲ್ಲಿದ್ದಳು. ಅವಳ ಫೋನನ್ನು ಧ್ವನಿವರ್ಧಕದ ಬಳಿ ಹಿಡಿದೆ. “ಹೆಸರಿಲ್ಲದ ಚಿತ್ರ” ಎಂದಿತು. ಜನ ನಕ್ಕರು. ಎರಡನೆಯ ಸಲಕ್ಕೂ ನಕ್ಕರು. ನಾಲ್ಕನೆಯ ಸಲದ ಹೊತ್ತಿಗೆ ಕುರ್ಚಿಗಳ ಸದ್ದೂ ಇರಲಿಲ್ಲ. ಬಳಿಕ ಕಪಾಟನ್ನು ತೆರೆದೆ. ಫೋನು ಲಿಫ್ಟಿನ ದುರಸ್ತಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿತು, ಶುಕ್ರವಾರವೆಂದೇ.

ಬಟ್ಟೆ ವ್ಯಾಪಾರಿ ಎದ್ದು ನಿಂತರು. “ಅಕ್ಕೋರ ಮೇಲೆ ಗೌರವ ಇದೆ. ಆದ್ರೆ ಇನ್ನೂರ ಹದಿನಾರು ಮನೇಲಿ ಹೀಗೆ ಇರೋರು ಅವರೊಬ್ರೇ ತಾನೆ? ಅಷ್ಟು ಚಂದದ್ದನ್ನ ಬಿಡೋದಾ?”

ಆಗ ಬಾಗಿಲ ಬಳಿಯಿಂದ ಕಾವಲುಗಾರ ಕೈ ಎತ್ತಿದ.

“ಒಬ್ರಲ್ಲ ಸಾರ್. ನಂಗೂ ಓದಕ್ಕೆ ಬರಲ್ಲ.”

ಯಾರಿಗೂ ಅರ್ಥವಾಗಲಿಲ್ಲ. ಕಾರ್ಯದರ್ಶಿಗಳು, “ಏನಯ್ಯಾ, ಹನ್ನೊಂದು ವರ್ಷ ನೀನೇ ಹಂಚಿದೀಯಲ್ಲ!” ಎಂದರು.

“ಹಂಚೋಕೆ ಓದ್ಬೇಕಾ ಸಾರ್? ಬಾಗಿಲು ಎಣಿಸಿದ್ರೆ ಸಾಕು. ಹಾಳೇಲಿ ಸಂಘದ ಮುದ್ರೆ ಯಾವ ಕಡೆ ಇದೆ ನೋಡಿ ಅದು ಮೇಲೆ ಬರೋ ಹಾಗೆ ಸಿಕ್ಕಿಸ್ತಿದ್ದೆ. ತಲೆಕೆಳಗೆ ಯಾವತ್ತೂ ಇಟ್ಟಿಲ್ಲ.” ಆತ ನನ್ನತ್ತ ತಿರುಗಿದ. “ಆ ಫೋನು ಓದಿದ್ದನ್ನ ಈಗ ಕೇಳ್ದೆ. ಪೂರ್ತಿ ತಿಳೀತು. ನನ್ ಫೋನಲ್ಲೂ ಬರತ್ತಾ ಅದು?”

“ಬರತ್ತೆ” ಎಂದೆ.

ಐನೂರ ಎಪ್ಪತ್ತು ಸಂಚಿಕೆಗಳು ನನ್ನ ಮೇಜಿನಿಂದ ನೇರವಾಗಿ ಹೋಗುತ್ತಿದ್ದುದು ಈ ಕಾವಲುಗಾರರ ಕೈಗೆ. ಅವುಗಳಲ್ಲಿ ಏನಿದೆಯೆಂದು ಅವರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಕಪಾಟಿನ ಪರವಾಗಿ ನೂರ ಹನ್ನೆರಡು ಕೈಗಳು, ವಿರುದ್ಧವಾಗಿ ಇಪ್ಪತ್ತಮೂರು. ಆ ಇಪ್ಪತ್ತಮೂರರಲ್ಲಿ ಒಂದು ನನ್ನ ಮನೆಯಾಕೆಯದು. ದಾರಿಯಲ್ಲಿ ಕೇಳಿದೆ.

“ಕಪಾಟು ಗೆಲ್ಲತ್ತೆ ಅಂತ ಗೊತ್ತಿತ್ತು ಕಣ್ರೀ. ಆ ಪುಟಕ್ಕೂ ಮನೆಯೋರು ಅಂತ ಒಬ್ರು ಬೇಡ್ವಾ?” ಎಂದಳು.

ನಲವತ್ತೈದು ವರ್ಷಗಳ ಸಂಸಾರದಲ್ಲಿ ಈಕೆ ನನಗೆ ಕೊಟ್ಟ ದೊಡ್ಡ ಮರ್ಯಾದೆ ಇದೆಂದು ತೋರುತ್ತದೆ.

ಏಪ್ರಿಲ್ ೭, ಮಂಗಳವಾರ

ಒಂಬತ್ತು ಕಟ್ಟಡಗಳ ಪ್ರತಿನಿಧಿಗಳಿಗೂ ಕಪಾಟಿನ ಬಳಕೆ ಕಲಿಸಿದೆವು. ದಾಖಲೆಯಮ್ಮ ಅದನ್ನು ತೆರೆದು ಅಕ್ಷರ ತುಂಬುವುದನ್ನು ಹೇಳಿಕೊಟ್ಟರು. ನಾನು ಸುದ್ದಿಯನ್ನು ಹೇಗೆ ಬರೆಯಬೇಕೆಂಬುದನ್ನು. ಬರೆದ ಮೇಲೆ ಕಣ್ಣು ಮುಚ್ಚಿ ಒಮ್ಮೆ ಫೋನಿನಿಂದ ಕೇಳಿಸಿಕೊಳ್ಳಿ, ಆಮೇಲೆ ಹಾಕಿ ಎಂಬುದೊಂದೇ ನಿಯಮ. ಏಳನೆಯ ಕಟ್ಟಡದ ಪ್ರತಿನಿಧಿ ಕಣ್ಣು ಮುಚ್ಚಿದವರು ಹಾಗೆಯೇ ನಿದ್ದೆ ಹೋದರು.

ಕಾವಲುಗಾರರು ಸಂಜೆ ಬಂದು ಫೋನಿನಲ್ಲಿ ಎಲ್ಲವನ್ನೂ ಮಾಡಿಸಿಕೊಂಡು ಹೋದರು. ಚಹಾ ಕುಡಿದರು. ಹಳೆಯ ಸಂಚಿಕೆಗಳಲ್ಲಿ ಏನಿರುತ್ತಿತ್ತು ಎಂದು ಕೇಳಿದರು. ಎಂಟು ಗಂಟೆಯವರೆಗೆ ಓದಿ ಹೇಳಿದೆ. ಇಬ್ಬರಿಗೂ ಹೊತ್ತು ಹೋದುದು ತಿಳಿಯಲಿಲ್ಲ.

ಏಪ್ರಿಲ್ ೧೧, ಶನಿವಾರ

ನಾಲ್ಕನೆಯ ಕಟ್ಟಡದ ಪ್ರತಿನಿಧಿಗೆ ಅಕ್ಕ ಫೋನು ಮಾಡಿ, ಪ್ರಕಟಣೆಯಲ್ಲಿ ಹೊತ್ತು ಬರೆದಿದ್ದೀರಿ, ಜಾಗ ಎಲ್ಲಿ ಎಂದು ಕೇಳಿದಳಂತೆ. ಆತ ಹೆದರಿ ನನಗೆ ಫೋನು ಮಾಡಿದ. ಅವಳು ಹೇಳಿದಂತೆ ಮಾಡಿ ಎಂದೆ.

ಏಪ್ರಿಲ್ ೧೬, ಗುರುವಾರ

ಬೆಳಿಗ್ಗೆ ಆರೂವರೆಗೆ ಫೋನು. ಅಕ್ಕ.

“ಎದ್ಯೇನೋ? ಬಕೆಟ್ಟೆಲ್ಲ ತುಂಬಿಸ್ಕೋ. ನಿಮ್ಮ ಕಟ್ಟಡದ ಮೇಲಿನ ತೊಟ್ಟಿ ತೊಳೀತಾರಂತೆ ಇವತ್ತು. ಎಂಟರಿಂದ ನೀರು ಬರಲ್ಲ.”

“ನಮ್ಮ ಕಟ್ಟಡದ್ದಾ? ನನಗೇ ಗೊತ್ತಿಲ್ಲ!”

“ನಿಂಗ್ ಹೇಗ್ ಗೊತ್ತಿರತ್ತೆ? ರಾತ್ರಿ ಹಾಕಿದಾರೆ. ನಾನು ಈಗ ಎದ್ದು ಓದ್ದೆ. ಸಂಜೆ ನಾಲ್ಕಕ್ಕೆ ಬಿಡ್ತಾರೆ. ನಿನ್ ಹೆಂಡ್ತಿಗೆ ಬಟ್ಟೆ ನೆನೆಸ್ಬೇಡ ಅಂತ ಹೇಳು. ಇಡ್ತೀನಿ, ನಂಗೆ ಇನ್ನೂ ಮೂರು ಕಟ್ಟಡದ್ದು ಓದೋದಿದೆ.”

ಇಟ್ಟಳು.

ನಲ್ಲಿಯ ಕೆಳಗೆ ಬಕೆಟ್ಟು, ಕೊಳಗ, ಕೊನೆಗೆ ಹೂಜಿಯನ್ನೂ ಹಿಡಿದೆ. ಸದ್ದಿಗೆ ಪಕ್ಕದ ಮನೆಯವರು ಬಾಲ್ಕನಿಯಿಂದ ಇಣುಕಿದರು.

“ಏನ್ ಸಾರ್, ಬೆಳಗ್ಗೆಬೆಳಗ್ಗೆ?”

“ಎಂಟಕ್ಕೆ ನೀರು ನಿಲ್ಲತ್ತೆ. ತುಂಬಿಸ್ಕೊಳ್ಳಿ.”

“ಯಾರು ಹೇಳ್ದೋರು?”

“ನಮ್ಮಕ್ಕ ಓದಿದಳು” ಎಂದೆ.

ಪಕ್ಕದ ಮನೆಗೆ ಅಷ್ಟು ಗಟ್ಟಿಯಾಗಿ ಹೇಳುವ ಅಗತ್ಯವಿರಲಿಲ್ಲ. ಮೇಲಿನ ಎರಡು ಮಹಡಿಗಳಲ್ಲಿಯೂ ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು.